ದೀಪ ಹಚ್ಚುವ ಹೊತ್ತಿನ ಮಗ್ಗಗಳು

ಜನವರಿ 18, ಗುರುವಾರ

ಇವತ್ತು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಗೋಕಿಲಾಳ ಕಿವಿಯ ಯಂತ್ರವನ್ನು ಮೊದಲ ಸಲ ಚಾಲು ಮಾಡಿದರು. ಕಳೆದ ತಿಂಗಳು ಆಪರೇಷನ್ ಮಾಡಿ ತಲೆಯೊಳಗೆ ಕೂರಿಸಿದ್ದು ಒಂದು ಭಾಗ, ಕಿವಿಯ ಹಿಂದೆ ಸಿಕ್ಕಿಸುವುದು ಇನ್ನೊಂದು ಭಾಗ. ಕೇಳಿಸಿಕೊಳ್ಳುವುದನ್ನು ಕಲಿಸುವ ಜಯಪ್ರಿಯಾ ಮೇಡಂ ಕಂಪ್ಯೂಟರಿನಲ್ಲಿ ಏನೋ ಒತ್ತಿ, ಮೇಜಿನ ಕೆಳಗೆ ಒಂದು ಪುಟ್ಟ ಡೋಲು ಬಡಿದರು. ಮಗು ಕೈಲಿದ್ದ ಗೊಂಬೆಯನ್ನು ಬಿಟ್ಟು ಸುತ್ತ ನೋಡಿತು, ಆಮೇಲೆ ನನ್ನ ಮುಖ ನೋಡಿತು. ನನಗೆ, ಇವರಿಗೆ, ಅತ್ತೆಗೆ, ಮೂವರಿಗೂ ಕಣ್ಣೀರು.

ಆ ಸಂತೋಷ ನಮ್ಮೂರು ಸೋಮನೂರಿನಲ್ಲಿ ಬಸ್ಸು ಇಳಿಯುವ ತನಕ ಇತ್ತು. ನಮ್ಮ ಬೀದಿಗೆ ಕಾಲಿಟ್ಟಿದ್ದೇ ತಡ, ಮಗು ಚೀರಿ, ಯಂತ್ರವನ್ನು ಕಿತ್ತು ನೆಲಕ್ಕೆಸೆದಳು. ಅವಳ ತಪ್ಪೇನಿದೆ? ಬೀದಿಯ ಎರಡೂ ಕಡೆ ಶೆಡ್ಡು, ಒಂದೊಂದು ಶೆಡ್ಡಿನಲ್ಲೂ ಸಾಲು ಸಾಲು ಪವರ್‌ಲೂಮು, ನಮ್ಮದರಲ್ಲೂ. ಮದುವೆಯಾಗಿ ಚಾಮರಾಜನಗರದಿಂದ ಬಂದ ಮೊದಲ ವಾರ ನಾನೂ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದವಳೇ.

ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು. ತಲೆಮಾರುಗಳ ಹಿಂದೆ ಇಲ್ಲಿಗೆ ನೇಯಲು ಬಂದವರು, ಈ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ, ಆದರೆ ಓದಲು ಬರುವುದು ತಮಿಳು ಮಾತ್ರ. ಪುಸ್ತಕವನ್ನು ಅಕ್ಕಿ ಡಬ್ಬದ ಮೇಲೆ ತೆರೆದಿಟ್ಟರೂ ಭಯವಿಲ್ಲ. ಅತ್ತೆಯ ಬಗ್ಗೆ ಮನಸಾರೆ ಬರೆಯಬಹುದು.

ಜನವರಿ 21, ಭಾನುವಾರ

ಅತ್ತೆಯ ಬಗ್ಗೆಯೇ ಬರೆಯುತ್ತೇನೆ. ಹೆಸರು ಕಾಮಾಕ್ಷಿಯಮ್ಮ. ಹುಟ್ಟಿದ ಮಗುವಿಗೆ ಗೋಕಿಲಾ ಎಂದು ಹೆಸರಿಟ್ಟವರು ಅವರೇ. ಮಗುವಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ಅನುಮಾನ ಬಂದಾಗ ಬೈದವರೂ ಅವರೇ, ಅದೂ ಇಲ್ಲಿಯವರ ಹಾಗೆ ಮುದ್ದಿಗೆ ಕಣ್ಣು ಎಂದು ಕರೆಯುತ್ತಲೇ.

"ಏನ್ ಕಣ್ಣು ಹಿಂಗ್ ಹೇಳ್ತೀಯೆ? ನಮ್ಮ ಪಾಪ ಭಾರಿ ಚೂಟಿ. ಬಾಯಿ ಆಡಿಸಿದ್ರೆ ಸಾಕು, ಎಲ್ಲಾ ಪುರಿಯುತ್ತೆ ಅದಕ್ಕೆ."

ಮಗುವಿಗೆ ಎಲ್ಲ ಅರ್ಥವಾಗುತ್ತಿದ್ದುದು ನಿಜ. ಮಗ್ಗದ ಸದ್ದಿನಲ್ಲಿ ಇಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ತುಟಿ ಆಡಿಸುತ್ತಾರೆ, ಕೈ ತೋರಿಸುತ್ತಾರೆ. ನೂಲು ಕಡಿದರೆ ಎರಡು ಬೆರಳು ಕತ್ತರಿಯಂತೆ. ಊಟಕ್ಕೆ ಬಾ ಅನ್ನಲು ಬಾಯಿಯ ಹತ್ತಿರ ಐದು ಬೆರಳು. ಯಾರನ್ನಾದರೂ ಕರೆಯಬೇಕಾದರೆ ಭುಜ ತಟ್ಟುತ್ತಾರೆ. ಗೋಕಿಲಾ ಇದನ್ನೆಲ್ಲ ನಮಗಿಂತ ಬೇಗ ಕಲಿತಳು. ಶೆಡ್ಡಿನಲ್ಲಿ ಅವಳಿಗೂ ನಮಗೂ ಏನೂ ವ್ಯತ್ಯಾಸವಿರಲಿಲ್ಲ. ಬೇರೆ ಯಾವ ಮನೆಯಲ್ಲಿ ಹುಟ್ಟಿದ್ದರೂ ಒಂದು ವರ್ಷಕ್ಕೇ ತಿಳಿಯುತ್ತಿತ್ತು. ನಮಗೆ ತಿಳಿಯಲು ಮೂರು ವರ್ಷ ಬೇಕಾಯಿತು.

ಇವತ್ತು ಭಾನುವಾರ, ಹೆಸರಿಗೆ ರಜೆ. ಒಂದು ಶೆಡ್ಡು ನಿಂತರೆ ಎರಡು ಓಡುತ್ತವೆ. ಮಗು ಯಂತ್ರವನ್ನು ಎರಡು ನಿಮಿಷವೂ ಇಟ್ಟುಕೊಳ್ಳಲಿಲ್ಲ.

ಜನವರಿ 23, ಮಂಗಳವಾರ

ಎದುರು ಶೆಡ್ಡಿನ ಮೀಸೆಯವನ ಹತ್ತಿರ ಹೋದೆ. ಐದು ವರ್ಷದಿಂದ ಎದುರಿಗಿದ್ದರೂ ನಾನು ಮಾತಾಡಿಸಿದವಳಲ್ಲ. ಹೆಸರು ಮೈಲ್‌ಸಾಮಿ ಎಂದು ಇವರು ಹೇಳಿದ್ದರು. ಬೀದಿ ಕಡೆಯ ಬಾಗಿಲನ್ನಾದರೂ ಮುಚ್ಚಿಕೊಳ್ಳಿ, ಒಳಗೆ ಮಗುವಿಗೆ ಪಾಠ ನಡೀತಿದೆ ಎಂದು ಆ ಸದ್ದಿನಲ್ಲೇ ಕಿರುಚಿ ಹೇಳಿದೆ. ಆತ ಕೈ ಬೀಸಿ ಹೋಗು ಅನ್ನುವಂತೆ ಮಾಡಿ, ಮಗ್ಗದ ಕಡೆಗೆ ತಿರುಗಿಬಿಟ್ಟ.

ಕಲ್ಲು. ಈ ಬೀದಿಯೇ ಕಲ್ಲು. ನೇದ ಬಟ್ಟೆಯ ಮೀಟರ್ ಲೆಕ್ಕದಲ್ಲಿ ಕೂಲಿ, ಹಾಗಾಗಿ ಇವರ ಲೋಕವೂ ಮೀಟರ್ ಲೆಕ್ಕ. ನಮ್ಮೂರಲ್ಲಿ ಆಗಿದ್ದರೆ ಯಾರಾದರೂ ಏನಮ್ಮ ಎಂದು ಕೇಳುತ್ತಿದ್ದರು.

ಇವರ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. "ನಮ್ಮ ಮಗ್ಗ ನಿಪ್ಪಾಟಬಹುದು ನಿತ್ಯಾ. ಬೀದೀನೇ ನಿಪ್ಪಾಟಕ್ಕೆ ನಾನ್ ಯಾರು?" ಅಂದರು. ನಿಪ್ಪಾಟುವುದು ಎಂದರೆ ನಿಲ್ಲಿಸುವುದು. ಸೆಂದಿಲ್ ಎಂಬ ಈ ಮನುಷ್ಯನಿಗೆ ಕೋಪವೇ ಬರುವುದಿಲ್ಲ, ಅದು ನನಗೆ ಇನ್ನೂ ಕೋಪ.

ಫೆಬ್ರವರಿ 1, ಗುರುವಾರ

ಜಯಪ್ರಿಯಾ ಮೇಡಂ ಇವತ್ತು ನೇರವಾಗಿಯೇ ಹೇಳಿದರು. ಯಂತ್ರ ತಲೆಯೊಳಗಿದ್ದ ಮಾತ್ರಕ್ಕೆ ಕೇಳಿಸಿಕೊಳ್ಳುವುದು ಬರುವುದಿಲ್ಲ, ಮಿದುಳು ಅದನ್ನು ಕಲಿಯಬೇಕು. ಕಲಿಯುವ ವಯಸ್ಸು ಈಗ. ದಿನಕ್ಕೆ ಒಂದು ಗಂಟೆಯಾದರೂ ಸದ್ದಿಲ್ಲದ ಕೋಣೆ ಬೇಕು, ಫ್ಯಾನು ಕೂಡ ಆರಿಸಿರಬೇಕು, ಮನೆಯ ಮಾತಿನಲ್ಲೇ ಕಲಿಸಬೇಕು. ಈ ವರ್ಷ ತಪ್ಪಿದರೆ ಆಮೇಲೆ ಅಷ್ಟು ಸುಲಭವಲ್ಲ.

ನಮಗಿರುವುದು ಒಂದು ಹಿಂಬದಿಯ ಕೋಣೆ. ಅದರ ಗೋಡೆ ಮುಟ್ಟಿದರೆ ಕೈ ನಡುಗುತ್ತದೆ. ಸೌಡೇಶ್ವರಿ ಗುಡಿಗೆ ಕರೆದುಕೊಂಡು ಹೋಗಿ ನೋಡಿದೆ, ಅಲ್ಲಿ ಗಂಟೆ, ಮೈಕು. ತೋಟದ ಕಡೆ ಹೋದರೆ ಮಗು ಚಿಟ್ಟೆ ಹಿಂದೆ ಓಡುತ್ತದೆ.

ತೀರ್ಮಾನ ಮಾಡಿದೆ. ಶಿವರಾತ್ರಿ ಕಳೆದ ಮೇಲೆ ಮಗುವನ್ನು ಕರೆದುಕೊಂಡು ಅಪ್ಪನ ಮನೆಗೆ ಹೋಗುತ್ತೇನೆ. ಕಿವಿಯ ಪಾಠಕ್ಕೆ ಹತ್ತಿರದಲ್ಲೇ ಮೈಸೂರಿದೆ. ಅಪ್ಪ ಹೊಲಿಗೆ ಅಂಗಡಿ ಇಟ್ಟವರು, ಒಂದೇ ಮಿಷನ್ನು, ಅದೂ ಕಾಲಲ್ಲಿ ತುಳಿಯುವುದು. ಎಷ್ಟು ವರ್ಷಕ್ಕೆ ಹೋಗುತ್ತೇನೆ, ಇವರ ಗತಿ ಏನು, ಗೊತ್ತಿಲ್ಲ. ಇವರಿಗೂ ಹೇಳಿಬಿಟ್ಟೆ. ಅಟ್ಟದಿಂದ ದೊಡ್ಡ ನೀಲಿ ಚೀಲ ಇಳಿಸಿ ಧೂಳು ಕೊಡವಿದೆ. ಮಗುವಿನ ಸ್ವೆಟರು ಒಳಗಿಟ್ಟೆ.

ಫೆಬ್ರವರಿ 8, ಗುರುವಾರ

ಇವತ್ತಿನದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ತಿಂಗಳಿಗೊಂದು ದಿನ ದುರಸ್ತಿಗೆಂದು ಕರೆಂಟ್ ತೆಗೆಯುತ್ತಾರೆ, ಶಟ್‌ಡೌನು. ಅದು ಇವತ್ತು. ಬೆಳಿಗ್ಗೆ ತಿಂಡಿ ಮುಗಿಸುವಷ್ಟರಲ್ಲಿ ಇಡೀ ಬೀದಿ ಒಂದೇ ಏಟಿಗೆ ನಿಂತಿತು. ಎಲ್ಲೋ ಕಾಗೆ ಕೂಗಿತು. ಯಾರದೋ ಮನೆಯಲ್ಲಿ ಕೆಮ್ಮು. ಪಾತ್ರೆಯ ಮೇಲೆ ಚಮಚ ಇಟ್ಟರೆ ನಾನೇ ಬೆಚ್ಚಿಬೀಳುವ ಹಾಗಾಯಿತು.

ಓಡಿಹೋಗಿ ಮಗುವಿಗೆ ಯಂತ್ರ ಸಿಕ್ಕಿಸಿದೆ. ಕೀಳಲಿಲ್ಲ! ಕಿವಿ ಮುಟ್ಟಿ ನೋಡಿಕೊಂಡಳು, ಸುಮ್ಮನಾದಳು.

ಮೇಡಂ ಒಂದು ಆಟ ಹೇಳಿಕೊಟ್ಟಿದ್ದಾರೆ. ಮಗುವಿನ ಕೈಯಲ್ಲಿ ಏನಾದರೂ ಸಣ್ಣ ವಸ್ತು ಕೊಟ್ಟು, ನಾವು ಹಿಂದೆ ಕೂತು ಬಾಯಿ ಕಾಣದ ಹಾಗೆ ಸದ್ದು ಮಾಡಬೇಕು. ಕೇಳಿಸಿದರೆ ಮಗು ಅದನ್ನು ಬಕೆಟ್ಟಿಗೆ ಹಾಕಬೇಕು. ಆಸ್ಪತ್ರೆಯಲ್ಲಿ ಬಣ್ಣದ ಮಣಿ. ನಮ್ಮ ಮನೆಯಲ್ಲಿ ಮಣಿ ಎಲ್ಲಿಂದ ತರುವುದು? ಲಾಳಿಯೊಳಗೆ ಕೂರಿಸುವ, ನೂಲು ಸುತ್ತುವ ಕಡ್ಡಿಗಳಿವೆಯಲ್ಲ, ಸವೆದು ಮೂಲೆಗೆ ಬಿದ್ದವು, ಅವನ್ನೇ ಆರಿಸಿಕೊಂಡೆ.

ಬೀದಿ ಕಡೆಯ ಕಿಟಕಿಯ ಬೆಳಕಲ್ಲಿ ಮಗುವನ್ನು ಕೂರಿಸಿ, ಹಿಂದೆ ಕೂತು "ಆ" ಅಂದೆ. ಏನೂ ಇಲ್ಲ. ಮತ್ತೆ ಅಂದೆ. ಮತ್ತೆ. ಅವಳ ಕೈ ಹಿಡಿದು ಹಾಕಿಸಿದೆ. ಮತ್ತೆ ಅಂದೆ. ಎಷ್ಟು ಸಲ ಅಂದೆನೋ, ಗಂಟಲು ಒಣಗಿತು, ಅತ್ತೆ ನೀರು ತಂದಿಟ್ಟು ಹೋದರು. ಮಧ್ಯಾಹ್ನ ದಾಟಿತ್ತು. "ಆ" ಅಂದೆ. ಕಡ್ಡಿ ಬಕೆಟ್ಟಿಗೆ ಬಿತ್ತು. ನಾನು ಮುಟ್ಟಿರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಅವಳೇ ಹಾಕಿದ್ದು. ನಾನು ಕೂಗಿಕೊಂಡುಬಿಟ್ಟೆ. ನನ್ನ ಬಾಯಿಂದ ಹೊರಟ ಗಾಳಿ ಅವಳ ತಲೆಯೊಳಗೆ ಹೋಗಿ, ಅಲ್ಲಿಂದ ಕೈಗೆ ಇಳಿದು, ಬಕೆಟ್ಟಿಗೆ ಬಿತ್ತು. ಎಲ್ಲ ತಾಯಂದಿರಿಗೂ ದಿನವೂ ಆಗುವುದೇ ಇದು, ಆದರೂ ನನಗೆ ಪವಾಡವಾಗಿ ಕಂಡಿತು.

ಒಂದೇ ಬೇಸರ. ಕೆಲಸವಿಲ್ಲದೆ ಬೀದಿಯವರೆಲ್ಲ ತಮ್ಮ ತಮ್ಮ ಜಗಲಿಯ ಮೇಲೆ ಕೂತಿದ್ದರು. ಎಲ್ಲರ ಮುಖವೂ ನಮ್ಮ ಕಿಟಕಿಯ ಕಡೆಗೆ. ಸಿನಿಮಾ ನೋಡುವ ಹಾಗೆ ನೋಡುತ್ತಿದ್ದರು. ಎದುರಿನ ಮೀಸೆಯವನಂತೂ ಬೀಡಿ ಹಚ್ಚುವುದನ್ನೂ ಮರೆತು ಕೂತಿದ್ದ. ಹುಚ್ಚಿಯ ಹಾಗೆ ಒಂದೇ ಅಕ್ಷರ ಕೂಗುವವಳನ್ನು ನೋಡಿ ಮಜಾ ತೆಗೆದುಕೊಂಡಿರಬೇಕು. ದಡಾರೆಂದು ಕಿಟಕಿ ಮುಚ್ಚಿದೆ.

ಸಂಜೆ ಕರೆಂಟ್ ಬಂತು. ಮಗು ಯಂತ್ರ ಕಿತ್ತೆಸೆದಳು.

ಫೆಬ್ರವರಿ 9, ಶುಕ್ರವಾರ

ದೀಪ ಹಚ್ಚುವ ಹೊತ್ತಿಗೆ ಮತ್ತೆ ಕರೆಂಟ್ ಹೋಯಿತು. ನಿನ್ನೆಯ ದುರಸ್ತಿ ಸರಿಯಾಗಿಲ್ಲವೇನೋ. ಸಿಕ್ಕಿದ್ದೇ ಪುಣ್ಯವೆಂದು ಹಿಂಬದಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಗುವಿನ ಜೊತೆ ಕೂತೆ. ಕಡ್ಡಿ ಏಳು ಸಲ ಬಿತ್ತು.

ಫೆಬ್ರವರಿ 10, ಶನಿವಾರ

ಇವತ್ತೂ ಅದೇ ಹೊತ್ತಿಗೆ! ಇವರು ಶೆಡ್ಡಿನಿಂದ ಬಂದಾಗ "ಕರೆಂಟಾ?" ಅಂದೆ. ತಲೆಯಾಡಿಸಿ ಕಾಲು ತೊಳೆಯಲು ಹೋದರು. ವಿದ್ಯುತ್ ಮಂಡಳಿಯವರಿಗೆ ನನ್ನ ಜೀವನದಲ್ಲಿ ಮೊದಲ ಸಲ ಒಳ್ಳೆಯದಾಗಲಿ ಎಂದು ಹಾರೈಸಿದೆ.

ಇವತ್ತು "ಊ" ಕೇಳಿಸಿತು. "ಸ್", "ಶ್" ಇನ್ನೂ ಕೇಳಿಸುವುದಿಲ್ಲ.

ಫೆಬ್ರವರಿ 13, ಮಂಗಳವಾರ

ಒಂದನ್ನೂ ಬಿಡದೆ, ನಿಧಾನವಾಗಿ ಬರೆಯುತ್ತೇನೆ.

ಸಂಜೆ ಎಂದಿನಂತೆ ಎಲ್ಲ ನಿಂತಿತು. ಹಿಂಬದಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ, ಬೆಳಕಿಂಡಿಯ ಬೆಳಕಲ್ಲಿ ಕೂತಿದ್ದೆವು. ಅತ್ತೆ ದೀಪ ಹಚ್ಚಲು ಬಂದರು. ಅಭ್ಯಾಸಬಲ, ದೇವರ ಗೂಡಿನ ಪಕ್ಕದ ಸ್ವಿಚ್ಚು ಒತ್ತಿದರು. ಬಲ್ಬು ಹತ್ತಿತು.

ಅತ್ತೆ ನಾಲಿಗೆ ಕಚ್ಚಿಕೊಂಡು ತಟ್ಟನೆ ಆರಿಸಿದರು. ನಾನು ಎದ್ದು ಮತ್ತೆ ಒತ್ತಿದೆ. ಹತ್ತಿತು. ಫ್ಯಾನಿನ ಸ್ವಿಚ್ಚು ಒತ್ತಿದೆ. ತಿರುಗಿತು. ಕರೆಂಟ್ ಇದೆ! ಹಾಗಾದರೆ ಮಗ್ಗಗಳು?

"ಏನತ್ತೆ ಇದು?"

"ನನ್ನ ಕೇಳ್ಬೇಡ ಕಣ್ಣು. ಹೇಳ್ಬಾರ್ದು ಅಂತ ಹೇಳವ್ರೆ."

ಮಗುವನ್ನು ಎತ್ತಿಕೊಂಡು ಬೀದಿ ಬಾಗಿಲಿಗೆ ಹೋದೆ. ಎಲ್ಲ ಶೆಡ್ಡಿನಲ್ಲೂ ಟ್ಯೂಬ್‌ಲೈಟು ಉರಿಯುತ್ತಿತ್ತು. ಮಗ್ಗಗಳೆಲ್ಲ ನಿಂತಿದ್ದವು. ಒಂದೊಂದು ಮಗ್ಗದ ಪಕ್ಕದಲ್ಲೂ ಅದರ ಜನ ನಿಂತಿದ್ದರು, ಇಲ್ಲವೆ ಕುಕ್ಕರಗಾಲಲ್ಲಿ ಕೂತು ಟೀ ಕುಡಿಯುತ್ತಿದ್ದರು. ನಾನು ಹೆಸರು ಕೇಳದವರು. ಕೆಲವರ ಮುಖವನ್ನೂ ನೋಡಿರಲಿಲ್ಲ. ಬೀದಿಯ ಕೊನೆಯ ಶೆಡ್ಡಿನಲ್ಲಿ ತಮಿಳೂ ಕನ್ನಡವೂ ಬಾರದ, ಒಡಿಶಾದಿಂದ ಬಂದ ಗಂಡಸರು ಗೋಡೆಗೆ ಒರಗಿ ನಿಂತಿದ್ದರು.

ಯಾರೂ ಮಾತಾಡುತ್ತಿರಲಿಲ್ಲ. ಅಲ್ಲ, ಮಾತಾಡುತ್ತಿದ್ದರು, ಆದರೆ ಸದ್ದಿಲ್ಲದೆ. ತುಟಿ ಆಡಿಸುತ್ತಾ, ಬೆರಳು ತೋರಿಸುತ್ತಾ. ಮಗ್ಗದ ಗದ್ದಲದಲ್ಲಿ ಮಾತಾಡುವಂತೆಯೇ ಈ ನಿಶ್ಶಬ್ದದಲ್ಲೂ ಮಾತಾಡುತ್ತಿದ್ದರು. ಟೀ ಲೋಟವನ್ನು ಕೂಡ ಸದ್ದಾಗದ ಹಾಗೆ ಗೋಣಿಚೀಲದ ಮೇಲೆ ಇಡುತ್ತಿದ್ದರು. ನನ್ನ ಮಗುವಿನ ಒಂದು ಗಂಟೆಗಾಗಿ.

ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಗುಡಿಯಲ್ಲಿ ಮಂಗಳಾರತಿ ಹೊತ್ತಿನಲ್ಲಿ ಕೂಡ ನನಗೆ ಹಾಗೆ ಆಗಿರಲಿಲ್ಲ.

ಎದುರಿನ ಮೈಲ್‌ಸಾಮಿ ನನ್ನನ್ನು ಕಂಡು, ಕಳ್ಳ ಸಿಕ್ಕಿಬಿದ್ದ ಹಾಗೆ ಎಣ್ಣೆಯ ಡಬ್ಬಿ ಕೈಗೆತ್ತಿಕೊಂಡರು. ರಸ್ತೆ ದಾಟಿ ಹೋದೆ. "ಯಾಕೆ ನಿಲ್ಲಿಸಿದ್ರಿ?" ಎಂದು ಜಗಳ ಕಾಯುವವಳ ಹಾಗೆ ಕೇಳಿದೆ.

"ಅದೆಲ್ಲಾ ಒಂದೂ ಇಲ್ಲ ಅಮ್ಮಣಿ," ಪಿಸುಮಾತಿನಲ್ಲಿ ಅಂದರು. "ಮಗ್ಗಕ್ಕೆ ಎಣ್ಣೆ ಬಿಡ್ತಾ ಇದ್ದೆ."

"ಎಲ್ಲಾ ಶೆಡ್ಡಲ್ಲೂ ಒಂದೇ ಸಲ ಎಣ್ಣೆ ಬಿಡ್ತಾರಾ?"

"ಅವ್ರು ಟೀ ಕುಡೀತಾವ್ರೆ." ಆಮೇಲೆ ಮಗುವಿನ ಕಿವಿಯ ಕಡೆ ಬೊಟ್ಟು ಮಾಡಿ, "ನೀ ಹೋಗು ಕಣ್ಣು. ಹೊತ್ತು ವೀಣಾಗ್ತದೆ," ಅಂದರು. ವ್ಯರ್ಥವಾಗುತ್ತದೆ ಎಂದರ್ಥ. ಆ ಹಳೆಯ ಕೈ ಬೀಸುವಿಕೆಯೇ, ಹೋಗು ಅನ್ನುವಂತೆ.

ಫೆಬ್ರವರಿ 14, ಬುಧವಾರ

ನಿದ್ದೆ ಸರಿಯಾಗಿ ಬರಲಿಲ್ಲ. ಹೇಗೆ ಶುರುವಾಯಿತು ಎಂದು ತಿಳಿಯಲೇಬೇಕಿತ್ತು. ಮೈಲ್‌ಸಾಮಿಯ ಶೆಡ್ಡಿನಲ್ಲಿ ಕಡ್ಡಿಗೆ ನೂಲು ಸುತ್ತುವ ಸಾಮಿಯಾತಾಳ್ ಎಂಬ ಅಜ್ಜಿಯನ್ನು ನೀರಿನ ನಲ್ಲಿಯ ಹತ್ತಿರ ಹಿಡಿದೆ. ಅವರದು ತಮಿಳು, ನನ್ನದು ಹರಕು ತಮಿಳು.

ಅವರು ಹೇಳಿದ್ದಿಷ್ಟು. ಶಟ್‌ಡೌನ್ ದಿನ ಎಲ್ಲರೂ ಜಗಲಿಯ ಮೇಲೆ ಕೂತಿದ್ದಾಗ ನನ್ನ ದನಿ ಬೀದಿಯ ಕೊನೆಯ ತನಕ ಕೇಳಿಸಿತಂತೆ. ಬೆಳಿಗ್ಗೆಯಿಂದ "ಆ", "ಆ". ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ. ಸೆಂದಿಲ್‌ನ ಮಗುವಿಗೆ ಕಿವಿ ಕಲಿಸುತ್ತಿದ್ದಾಳೆ ಎಂದು ಯಾರೋ ಹೇಳಿದರು. ಆಮೇಲೆ ಯಾರಿಗೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಮಗು ಮೊದಲ ಸಲ ಕಡ್ಡಿ ಹಾಕಿದಾಗ ನಾನು ಕೂಗಿದ ಕೂಗಿಗೆ ಮೈಲ್‌ಸಾಮಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರಂತೆ.

ನಾನು ಕಿಟಕಿ ಮುಚ್ಚಿದ್ದು ಆಗಲೇ.

ಕರೆಂಟ್ ಬಂದ ಮೇಲೆ ಮೈಲ್‌ಸಾಮಿ ತಮ್ಮ ಮಗ್ಗ ಹಾಕಲಿಲ್ಲ. ದಿನಕ್ಕೊಂದು ಗಂಟೆ ಮಗ್ಗ ನಿಲ್ಲಿಸಿ ಎಂದು ಕೇಳುತ್ತಾ ಶೆಡ್ಡಿಂದ ಶೆಡ್ಡಿಗೆ ನಡೆದುಕೊಂಡು ಹೋದರು. ಮುಂದೇನಾಯಿತು ಎಂದರೆ ಅಜ್ಜಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಅಷ್ಟೆ. "ನಾಂಗ ಎಲ್ಲಾಂ ಪಾತಿ ಸೆವಿಡು ತಾನೇ ಕಣ್ಣು," ಎಂದು ನಕ್ಕರು. ನಾವೆಲ್ಲ ಅರ್ಧ ಕಿವುಡರೇ ಅಲ್ಲವೇ, ಎಂದು. ಮಗ್ಗದ ಜನ, ನಿಜವೇ. ನಾನು ಕಿರುಚಿ ಹೇಳಿದ್ದು ಮೈಲ್‌ಸಾಮಿಗೆ ಆ ದಿನ ಕೇಳಿಸಿಯೇ ಇರಲಿಲ್ಲವೇನೋ.

ಕೊಡ ತುಂಬಿ ಹರಿಯುತ್ತಿದ್ದುದನ್ನು ಅಜ್ಜಿಯೇ ತೋರಿಸಬೇಕಾಯಿತು.

ಫೆಬ್ರವರಿ 20, ಮಂಗಳವಾರ

"ಶ್" ಕೇಳಿಸಿತು!

ಫೆಬ್ರವರಿ 26, ಸೋಮವಾರ

ಇವತ್ತು ಇನ್ನೊಂದು ಗಮನಿಸಿದೆ. ಗಂಟೆ ಮುಗಿದ ಮೇಲೆ ಮಗ್ಗಗಳನ್ನು ಎಲ್ಲರೂ ಒಟ್ಟಿಗೆ ಹಾಕುವುದಿಲ್ಲ. ಬೀದಿಯ ಕೊನೆಯಿಂದ ಒಂದು, ಆಮೇಲೆ ಸ್ವಲ್ಪ ಹತ್ತಿರದ್ದು, ಹೀಗೆ ಒಂದೊಂದಾಗಿ. ಕಡೆಯದು ನಮ್ಮದು. ಮಗುವಿಗೆ ಬೆದರಿಕೆಯಾಗಬಾರದು ಎಂದಿರಬೇಕು. ಇದನ್ನು ಯೋಚಿಸಿದವರು ಯಾರು? ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ನಾನಂತೂ ಇಲ್ಲಿಯ ತನಕ ಆ ಹೊತ್ತಿಗೆ ಯಂತ್ರ ತೆಗೆದುಬಿಡುತ್ತಿದ್ದೆ.

ಮಾರ್ಚ್ 1, ಶುಕ್ರವಾರ

ಎದುರು ಶೆಡ್ಡಿಗೆ ನಾಳೆ ಬೆಳಿಗ್ಗೆ ಲಾರಿ ಬರುವುದಿದೆ, ಬಟ್ಟೆ ಇನ್ನೂ ಮಗ್ಗದ ಮೇಲಿದೆ ಎಂದು ಇವರು ಊಟದ ಹೊತ್ತಿನಲ್ಲಿ ಹೇಳಿದರು. ಕೈ ತೊಳೆದು ಎದ್ದೆ. ಹೋಗಿ, "ಇವತ್ತೊಂದು ದಿನ ಓಡಿಸಿಬಿಡಿ ಮಾವ, ನಮಗೆ ನಾಳೆ ಇದೆಯಲ್ಲ," ಅಂದೆ. ಕೂಗಲಿಲ್ಲ. ತುಟಿ ಆಡಿಸಿ, ಬೆರಳು ತೋರಿಸಿ ಹೇಳಿದೆ. ತಟ್ಟನೆ ಅರ್ಥವಾಯಿತು ಅವರಿಗೆ.

ಅವರೂ ತುಟಿಯಲ್ಲೇ ಹೇಳಿದರು: "ಲಾರಿ ಕಾದುಕೊಂಡು ನಿಲ್ತದೆ. ಪಾಪನ ಕಿವಿ ನಿಲ್ತದಾ?"

ಸಂಜೆ ಮಗ್ಗ ನಿಂತಿತು. ಪಾಠ ಮುಗಿಸಿ ನಾನೂ ಇವರೂ ಎದುರು ಶೆಡ್ಡಿಗೆ ಹೋಗಿ, ಬಟ್ಟೆ ಮಡಿಸಿ ಕಟ್ಟುವುದಕ್ಕೆ ಕೈ ಜೋಡಿಸಿದೆವು. ಅತ್ತೆ ಎಲ್ಲರಿಗೂ ಉಪ್ಪಿಟ್ಟು ಮಾಡಿ ಕಳಿಸಿದರು. ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ.

ಮಾರ್ಚ್ 12, ಮಂಗಳವಾರ

ಶಿವರಾತ್ರಿಯ ಓಡಾಟದಲ್ಲಿ ಬರೆಯಲು ಆಗಿರಲಿಲ್ಲ. ಅಪ್ಪ ಫೋನು ಮಾಡಿ ಯಾವಾಗ ಬರುತ್ತೀಯ ಅಂದರು. ಬೇಸಿಗೆ ರಜೆಯಲ್ಲಿ ಎರಡು ದಿನ ಬಂದು ಹೋಗುತ್ತೇನೆ, ಇಲ್ಲಿ ಪಾಠ ತಪ್ಪಿಸುವ ಹಾಗಿಲ್ಲ ಅಂದೆ.

ಇವತ್ತು ಸಂಜೆ ಪಾಠ ಚೆನ್ನಾಗಿ ನಡೆಯಿತು. ಈಚೆಗೆ ಆಟಕ್ಕೆ ಕಡ್ಡಿ ಸಾಲುತ್ತಿರಲಿಲ್ಲ, ಹಾಗಾಗಿ ಎದುರಿನಿಂದ ಒಂದಷ್ಟು ತಂದು ನೀಲಿ ಚೀಲದಲ್ಲಿ ತುಂಬಿಟ್ಟಿದ್ದೇನೆ. ಪಾಠ ಮುಗಿದು ನಾನು ಅವನ್ನು ಬಕೆಟ್ಟಿನಿಂದ ಚೀಲಕ್ಕೆ ಸುರಿಯುತ್ತಿದ್ದೆ. ಯಂತ್ರ ತೆಗೆಯೋಣವೆಂದು ಕೈ ಚಾಚಿದರೆ ಗೋಕಿಲಾ ತಲೆ ಸರಿಸಿಕೊಂಡಳು. ಚೀಲದಿಂದ ಒಂದು ಕಡ್ಡಿ ತೆಗೆದು ಕಿವಿಯ ಹತ್ತಿರ ಹಿಡಿದು ಕೂತಳು, ಮೇಡಂ ಕಲಿಸಿದ ಹಾಗೆ.

ಕಡ್ಡಿ ಬಕೆಟ್ಟಿಗೆ ಬಿತ್ತು.

ನಾನು ಏನೂ ಅಂದಿರಲಿಲ್ಲ. ತಪ್ಪಾಗಿ ಹಾಕಿದಳು ಎಂದುಕೊಂಡೆ. ಆಮೇಲೆ ಕಿವಿಗೊಟ್ಟು ಕೇಳಿದೆ. ಬೀದಿಯ ಕಟ್ಟಕಡೆಯಲ್ಲಿ ಒಂದು ಮಗ್ಗ ಶುರುವಾಗಿತ್ತು, ಒಡಿಶಾದವರದು.

ಇನ್ನೊಂದು ಕಡ್ಡಿ ತೆಗೆದುಕೊಂಡು ಕಾದಳು. ನಾನೂ ಉಸಿರು ಹಿಡಿದು ಕಾದೆ. ಅದರ ಈಚೆಯ ಮಗ್ಗ. ಕಡ್ಡಿ ಬಿತ್ತು. ಮತ್ತೊಂದು ಮಗ್ಗ, ಮತ್ತೊಂದು ಕಡ್ಡಿ. ಚೀರಲಿಲ್ಲ, ಕೀಳಲಿಲ್ಲ. ಇಷ್ಟು ದಿನ ಅವಳನ್ನು ಹೆದರಿಸುತ್ತಿದ್ದ ಆ ಒಂದು ದೊಡ್ಡ ಸದ್ದನ್ನು ಈಗ ಬಿಡಿ ಬಿಡಿಯಾಗಿ ತೆಗೆದು ಬಕೆಟ್ಟಿಗೆ ಹಾಕುತ್ತಿದ್ದಳು. ಇದು ಯಾರದು, ಅದು ಯಾರದು ಎಂದು ನನಗೂ ತಿಳಿಯುತ್ತಿತ್ತು. ಸದ್ದು ಹತ್ತಿರ ಹತ್ತಿರ ಬಂತು. ಮೈಲ್‌ಸಾಮಿ ಮಾವನ ಮೊದಲ ಮಗ್ಗ ಶುರುವಾದಾಗ ಕಡ್ಡಿ ಹಾಕಿ, ಬಾಗಿಲ ಕಡೆ ಬೆರಳು ತೋರಿಸಿ, ಮೂಗಿನ ಕೆಳಗೆ ಮೀಸೆ ತಿರುವಿದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮತ್ತೆ ಚೀಲದೊಳಗೆ ಕೈ ಹಾಕಿದಳು. ಚೀಲ ಖಾಲಿ. ಹೊರಗೆ ಮಾವನ ಉಳಿದ ಮಗ್ಗಗಳು ಇನ್ನೂ ಶುರುವಾಗುತ್ತಲೇ ಇದ್ದವು, ನಮ್ಮವೂ ಬಾಕಿ ಇದ್ದವು. ಗೋಕಿಲಾ ನನ್ನ ಮುಖ ನೋಡಿ, ಇನ್ನೂ ಬೇಕು ಎಂದು ಅಂಗೈ ಚಾಚಿದಳು.

ಈ ಬೀದಿಯಲ್ಲಿ ಎಷ್ಟು ಮಗ್ಗಗಳಿವೆ ಎಂದು ನಾನು ಯಾವತ್ತೂ ಕೇಳಿದವಳಲ್ಲ. ನಾಳೆ ಬೆಳಿಗ್ಗೆ ಮನೆ ಮನೆಗೂ ಹೋಗಿ, ಒಬ್ಬೊಬ್ಬರಿಂದಲೂ ಒಂದೊಂದು ಕಡ್ಡಿ ಕೇಳಿ ತರಬೇಕು.